ಬರ್ನ್-ಇನ್: ಬರೆಯೋ, ಡಾಗೋ, ಮಾಸಲೋ?

ನಮಸ್ಕಾರ. ಪರದೆಯ ಮೇಲೆ ಒಂದೇ ಚಿತ್ರ ಬಹಳ ಕಾಲ ಕೂತು ಅದರ ಗುರುತು ಉಳಿದುಬಿಡುವುದಕ್ಕೆ ಇಂಗ್ಲಿಷಿನಲ್ಲಿ ಬರ್ನ್-ಇನ್ ಅನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ.

ಮೊನ್ನೆ ಅಳಿಯನ ಜೊತೆ ಬೆಳಗಾವಿಯ ಖಡೇ ಬಜಾರ್ ಕಡೆ ಮಾನಿಟರ್ ನೋಡಲು ಹೋಗಿದ್ದೆ. ಅವನಿಗೆ ಗೇಮ್ ಆಡಲು 34 ಇಂಚಿನ ಅಲ್ಟ್ರಾವೈಡ್, ಅಂದರೆ ಮಾಮೂಲಿಗಿಂತ ಅಗಲವಾದ, ಓಎಲ್‌ಇಡಿಯೇ ಬೇಕಂತೆ. ದರ ಕೇಳಿ ನನ್ನ ಎದೆ ಧಸಕ್ ಅಂದಿತು, ಅದು ಬೇರೆ ಮಾತು. ಅಂಗಡಿಯವರು ಮೊದಲೇ ಎಚ್ಚರಿಸಿದರು: "ದಿನಾ ಒಂದ ಆಟ ಆಡಿದ್ರ ಡಾಗ ಬೀಳತೈತ್ರಿ ಸರ." ಅಳಿಯ ಪಕ್ಕದಿಂದ "ಬರ್ನ್-ಇನ್, ಮಾಮಾ" ಅಂದ. ಮನೆಗೆ ಬಂದು ಅವ್ವನಿಗೆ "ಪರದೆ ಸುಡತೈತಂತ" ಅಂತ ಹೇಳಿದೆ. "ಸುಟ್ರ ಹೊಗಿ ಬರತೈತೇನು?" ಅಂದಳು. ಅಲ್ಲಿಂದ ಶುರುವಾಯಿತು ತಲೆನೋವು.

ನಿಜಕ್ಕೂ ಅಲ್ಲಿ ಸುಡುವುದು ಏನೂ ಇಲ್ಲ. ಓಎಲ್‌ಇಡಿಯಲ್ಲಿ ಹಿಂದಿನಿಂದ ಬೆಳಕು ಬಿಡುವ ದೀಪ ಇರುವುದಿಲ್ಲ, ಪ್ರತಿ ಪಿಕ್ಸೆಲ್ಲೂ, ಅಂದರೆ ಚಿತ್ರದ ಒಂದೊಂದು ಚುಕ್ಕೆಯೂ, ತಾನೇ ಉರಿಯುತ್ತದೆ, ಕಪ್ಪು ಬೇಕಾದರೆ ಆರಿಬಿಡುತ್ತದೆ. ಉರಿದಷ್ಟೂ ಅದರ ಕಸುವು ತಗ್ಗುತ್ತದೆ, ಅದರಲ್ಲೂ ನೀಲಿ ಬೇಗ ದಣಿಯುತ್ತದೆ. ಆಟದ ಮೂಲೆಯ ಮ್ಯಾಪು, ಸ್ಪೀಡೋಮೀಟರು, ಕೆಳಗಿನ ಟಾಸ್ಕ್‌ಬಾರು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಕೂತರೆ ಅಲ್ಲಿನ ಪಿಕ್ಸೆಲ್ಲು ಉಳಿದವಕ್ಕಿಂತ ಜಾಸ್ತಿ ಸವೆದು, ಆಮೇಲೆ ಬೇರೇನೇ ನೋಡಿದರೂ ಅದರ ಛಾಯೆ ಕಾಣುತ್ತದೆ. ಬರ್ನ್-ಇನ್ ಅನ್ನುವ ಹೆಸರು ಹಳೇ ಡಬ್ಬಾ ಮಾನಿಟರಿನ ಕಾಲದ್ದು. ಸ್ಕ್ರೀನ್‌ಸೇವರ್ ಹುಟ್ಟಿದ್ದೂ ಇದೇ ಕಾಟಕ್ಕೆ.

ಹಾಗಾಗಿ 'ಬರೆ' ನನಗೆ ಒಪ್ಪಿಗೆಯಾಗಲಿಲ್ಲ. ಬರೆ ಒಂದೇ ಏಟಿಗೆ ಬೀಳುತ್ತದೆ, ಇದು ಸುಮ್ನೆ ದಿನಾ ಸ್ವಲ್ಪ ಸ್ವಲ್ಪ ಆಗುವಂಥದ್ದು. 'ಡಾಗ' ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ಮಜಾ ಅಂದರೆ ಮರಾಠಿಯಲ್ಲಿ ಡಾಗ್ ಅಂದರೆ ಕಲೆ, ಡಾಗಣೇ ಅಂದರೆ ಕಾದ ಕಬ್ಬಿಣದಿಂದ ಬರೆ ಹಾಕುವುದು, ಅಂದರೆ ಸುಡುವುದು ಕಲೆಯಾಗುವುದು ಎರಡೂ ಒಂದೇ ಪದದ ಹೊಟ್ಟೆಯಲ್ಲಿವೆ. ಆದರೆ ಡಾಗ ಅಂದ ಕೂಡಲೇ ಅಂಗಿ ನೆನಪಾಗುತ್ತದೆ, ತೊಳೆದರೆ ಹೋದೀತು ಅನ್ನಿಸುತ್ತದೆ. ಇದು ಹೋಗುವುದಿಲ್ಲ. ಮಾನಿಟರ್ ತಾನೇ ಮಾಡಿಕೊಳ್ಳುವ ಪಿಕ್ಸೆಲ್ ರಿಫ್ರೆಶ್ ಕೂಡ ಸವೆದದ್ದನ್ನು ವಾಪಸ್ ತರುವುದಿಲ್ಲ, ಏರುಪೇರನ್ನು ಸರಿದೂಗಿಸುತ್ತದೆ ಅಷ್ಟೇ.

ಅಲ್ಟ್ರಾವೈಡಿನಲ್ಲಿ ಇನ್ನೊಂದು ತಮಾಷೆ ಇದೆ. ಅಗಲ-ಎತ್ತರದ ಲೆಕ್ಕದಲ್ಲಿ ಪರದೆ 21:9, ಮಾಮೂಲಿ ವಿಡಿಯೋ 16:9. ಎರಡೂ ಬದಿಗೆ ಕಪ್ಪು ಪಟ್ಟಿ ಉಳಿಯುತ್ತದೆ. ಕೆಲಸ ಮಾಡಿದ ನಡುಭಾಗ ಸವೆಯುತ್ತದೆ, ಆರಿ ಕೂತ ಬದಿಗಳು ಹೊಸದರಂತೆಯೇ ಇರುತ್ತವೆ. ಇದನ್ನು ಅವ್ವನಿಗೆ ಹೇಗೆ ಹೇಳೋದು ಅಂತ ಗೋಡೆಯ ಕ್ಯಾಲೆಂಡರ್ ಎತ್ತಿ ತೋರಿಸಿದೆ. ಅದರ ಹಿಂದೆ ಸುಣ್ಣ ಬೆಳ್ಳಗೆ, ಸುತ್ತಲೂ ಬಣ್ಣಗೆಟ್ಟಿತ್ತು. ಆಕೆ ಥಟ್ಟನೆ, "ಮಾಸೈತಿ ಅನ್ನು, ಸುಟ್ಟೈತಿ ಅಂತ ಯಾಕಂತಿ?" ಅಂದಳು.

ಮಾಸುವುದು! ನನಗಂತೂ ಇದು ಹಿಡಿಸಿತು. ಮಾಸಿದ ಬಟ್ಟೆಯನ್ನೂ ಒಗೆಯುತ್ತೇವಲ್ಲ ಅಂತ ನೀವು ಕೇಳಬಹುದು, ಒಪ್ಪಿದೆ, ಆದರೆ ಮಾಸಿದ ಬಣ್ಣ, ಮಾಸಿದ ಫೋಟೋ ಅಂದಾಗ ಯಾರೂ ಸಾಬೂನು ಹುಡುಕುವುದಿಲ್ಲ. ತೊಡಕು ನಾಮಪದದಲ್ಲಿದೆ. 'ಪರದೆಗೆ ಮಾಸು ಬಿದ್ದಿದೆ' ಅಂದರೆ ದನ ಸಾಕಿದವರು ಬಿದ್ದು ಬಿದ್ದು ನಗುತ್ತಾರೆ, ಎಮ್ಮೆ ಈದ ಮೇಲೆ ಬೀಳುವುದೂ ಮಾಸೇ ಅಲ್ವಾ! ಅದಕ್ಕೆ 'ಮಾಸಲು' ಅನ್ನೋಣವೇ? 'ಮ್ಯಾಪಿನ ಜಾಗದಲ್ಲಿ ಮಾಸಲು ಕಟ್ಟಿದೆ' ಅಂದರೆ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ? ಕೆಲವು ಪರದೆಗಳಲ್ಲಿ ಚಿತ್ರ ಸ್ವಲ್ಪ ಹೊತ್ತು ಅಂಟಿಕೊಂಡಿದ್ದು ತಾನಾಗೇ ಹೋಗುತ್ತದೆ, ಅದಕ್ಕೆ 'ನೆರಳು' ಸಾಕು ಅಂತ ನನ್ನ ಲೆಕ್ಕ.

ಬಾಗಲಕೋಟೆ, ವಿಜಯಪುರದ ಕಡೆ ಟಿವಿ ರಿಪೇರಿಯವರು ಇದಕ್ಕೆ ಏನನ್ನುತ್ತಾರೆ? ಕೇಳಿದವರಿದ್ದರೆ ತಿಳಿಸಿ. ಅಳಿಯನಿಗೆ ಪದದ ಚಿಂತೆ ಇಲ್ಲ, ವಾರಂಟಿಯಲ್ಲಿ ಬರ್ನ್-ಇನ್ ಸೇರಿದೆಯೋ ಇಲ್ಲವೋ ಅಂತ ಒಂದೊಂದೇ ಕಂಪನಿಯ ಕಾಗದ ಓದುತ್ತ ಕೂತಿದ್ದಾನೆ.