ಆನಾಪಾನದಲ್ಲಿ ಬೆಳಕು ಕಂಡರೆ ಅದು ಮೊದಲನೆಯ ಝಾನವೇ?

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ಕೆಲವು ತಿಂಗಳುಗಳಿಂದ ದಿನವೂ ಆನಾಪಾನಸತಿಯ, ಅಂದರೆ ಉಸಿರನ್ನೇ ಗಮನಿಸುವ ಬೌದ್ಧ ಧ್ಯಾನದ, ಅಭ್ಯಾಸ ಮಾಡುತ್ತಿದ್ದೇನೆ. ಈಚೆಗೆ ಉಸಿರು ತೀರಾ ಸೂಕ್ಷ್ಮವಾಗಿ, ಇದೆಯೋ ಇಲ್ಲವೋ ಎನ್ನುವಂತಾದಾಗ, ಮುಚ್ಚಿದ ಕಣ್ಣುಗಳ ಮುಂದೆ ಬಿಳಿಯ ಬೆಳಕು ಮೂಡುತ್ತದೆ. ಮೈ ಜುಮ್ಮೆನ್ನುತ್ತದೆ, ಕೆಲವೊಮ್ಮೆ ಕಣ್ಣೀರೂ ಬರುತ್ತದೆ. ಆದರೆ ಹೊರಗಿನ ಸದ್ದುಗಳು ಕೇಳಿಸುತ್ತಲೇ ಇರುತ್ತವೆ. ಇದನ್ನು ಮೊದಲನೆಯ ಝಾನ, ಅಂದರೆ ಚಿತ್ತ ಪೂರ್ತಿ ತನ್ಮಯವಾಗುವ ಸಮಾಧಿಯ ನಾಲ್ಕು ಹಂತಗಳಲ್ಲಿ ಮೊದಲನೆಯದು, ಎನ್ನಬಹುದೇ? ಹೌದಾದರೆ ಎರಡನೆಯದಕ್ಕೆ ಹೋಗುವ ಬಗೆ ಹೇಗೆ?

ಉತ್ತರ: ನಮಸ್ಕಾರ. ನೀವು ಬರೆದಿರುವಷ್ಟನ್ನು ನೋಡಿ ಹೇಳುವುದಾದರೆ, ಇನ್ನೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಹಾಗೆಂದು ಬೇಸರಪಡಬೇಕಾಗಿಲ್ಲ, ಅಭ್ಯಾಸ ಸರಿಯಾದ ದಾರಿಯಲ್ಲೇ ಇದೆ.

ಮೈ ಜುಮ್ಮೆನ್ನುವುದು ಪೀತಿಯ, ಅಂದರೆ ಧ್ಯಾನದಲ್ಲಿ ಉಕ್ಕುವ ಹರ್ಷದ, ಲಕ್ಷಣ. ಐದನೆಯ ಶತಮಾನದಲ್ಲಿ ಬುದ್ಧಘೋಷರು ಶ್ರೀಲಂಕೆಯಲ್ಲಿ ರಚಿಸಿದ ವಿಸುದ್ಧಿಮಗ್ಗವೆಂಬ ಧ್ಯಾನಗ್ರಂಥವು ಪೀತಿಯಲ್ಲಿ ಐದು ಮಟ್ಟಗಳನ್ನು ಗುರುತಿಸುತ್ತದೆ. ರೋಮಾಂಚನವನ್ನಷ್ಟೇ ಉಂಟುಮಾಡುವುದು ಮೊದಲನೆಯದು. ಮಿಂಚಿನಂತೆ ಬಂದುಹೋಗುವುದು, ಅಲೆಗಳಾಗಿ ಬರುವುದು, ಮೈಯನ್ನೇ ಮೇಲೆತ್ತುವಂಥದ್ದು ಆನಂತರದವು. ಇಡೀ ದೇಹವನ್ನು ವ್ಯಾಪಿಸಿ ನಿಲ್ಲುವುದು ಕೊನೆಯದು. ಝಾನಕ್ಕೆ ಬುಡವಾಗುವುದು ಈ ಐದನೆಯ ಪೀತಿ. ಕಣ್ಣೀರು, ನಡುಕಗಳು ಇರುವವರೆಗೆ ಪೀತಿ ಇನ್ನೂ ಪಕ್ವವಾಗಿಲ್ಲ ಎಂದು ತಿಳಿಯಬಹುದು.

ಬೆಳಕಿನ ವಿಷಯಕ್ಕೆ ಬಂದರೆ, ಅದು ನಿಮಿತ್ತ, ಅಂದರೆ ಏಕಾಗ್ರತೆ ಬಲಿತಾಗ ಚಿತ್ತಕ್ಕೆ ತೋರುವ ಗುರುತು, ಆಗಿರಬಹುದು. ಉಸಿರಿನ ನಿಮಿತ್ತ ಎಲ್ಲರಿಗೂ ಒಂದೇ ರೂಪದಲ್ಲಿ ಕಾಣುವುದಿಲ್ಲ. ಒಬ್ಬರಿಗೆ ನಕ್ಷತ್ರದಂತೆ, ಇನ್ನೊಬ್ಬರಿಗೆ ಮುತ್ತಿನ ಗೊಂಚಲಿನಂತೆ, ಮತ್ತೊಬ್ಬರಿಗೆ ಮೆತ್ತನೆಯ ಹತ್ತಿಯ ಸ್ಪರ್ಶದಂತೆ ತೋರಬಹುದು ಎಂದು ಅದೇ ಗ್ರಂಥ ಹೇಳುತ್ತದೆ. ಆದ್ದರಿಂದ ಬಣ್ಣ, ಆಕಾರಗಳನ್ನು ಪರೀಕ್ಷಿಸುತ್ತ ಕೂರಬೇಡಿ. ಹಾಗೆ ನೋಡಲು ಹೊರಟ ಕ್ಷಣವೇ ಗಮನ ಉಸಿರಿನಿಂದ ಕಳಚಿಕೊಂಡು, ಬೆಳಕು ಅಲುಗಾಡಿ ಕರಗಿಹೋಗುತ್ತದೆ. ಅದು ಇದ್ದರೂ ಇಲ್ಲದಿದ್ದರೂ ಉಸಿರಿನಲ್ಲೇ ನಿಲ್ಲಿ. ಬೆಳಕು ತಾನಾಗಿ ಸ್ಥಿರಗೊಂಡು ಉಸಿರಿನೊಡನೆ ಒಂದಾದಾಗ ಮಾತ್ರ ಚಿತ್ತವನ್ನು ಅದರಲ್ಲಿ ನೆಲೆಗೊಳಿಸಿ.

ಉಸಿರು ಸಿಗದಂತಾದಾಗ ಗಾಬರಿಯಿಂದ ಎಳೆದು ಉಸಿರಾಡುವುದು ಹೊಸಬರ ಸಾಮಾನ್ಯ ತಪ್ಪು. ಇದಕ್ಕೆ ಬುದ್ಧಘೋಷರು ಕೊಡುವ ಸಲಹೆ ನನಗೆ ಬಹಳ ಇಷ್ಟ. ಉಸಿರಿಲ್ಲದವರು ಯಾರು ಎಂದು ವಿಚಾರಿಸಿ ನೋಡು, ಎನ್ನುತ್ತಾರೆ ಅವರು: ತಾಯಿಯ ಗರ್ಭದಲ್ಲಿರುವವರು, ನೀರಿನಲ್ಲಿ ಮುಳುಗಿದವರು, ಪ್ರಜ್ಞೆ ತಪ್ಪಿದವರು, ಸತ್ತವರು, ನಾಲ್ಕನೆಯ ಝಾನದಲ್ಲಿರುವವರು ಮೊದಲಾದವರು, ನೀನು ಇವರಲ್ಲಿ ಯಾರೂ ಅಲ್ಲವಾದ್ದರಿಂದ ಉಸಿರು ಇದ್ದೇ ಇದೆ, ಅದು ಎಂದಿನಂತೆ ತಾಗುವ ಜಾಗದಲ್ಲೇ ಗಮನವಿಟ್ಟು ಕಾದಿರು. ಅಷ್ಟು ಗಂಭೀರವಾದ ಗ್ರಂಥದಲ್ಲಿ ಇಂಥ ವಿನೋದಕ್ಕೂ ಎಡೆಯಿರುವುದು ಸಮಾಧಾನದ ಸಂಗತಿ.

ಸದ್ದಿನ ಬಗ್ಗೆ ಆಚಾರ್ಯರಲ್ಲಿ ಒಮ್ಮತವಿಲ್ಲ. ಅಟ್ಠಕಥೆಗಳನ್ನು (ಪಾಲಿ ಗ್ರಂಥಗಳ ಹಳೆಯ ವ್ಯಾಖ್ಯಾನಗಳನ್ನು) ಅನುಸರಿಸುವವರು, ಅರ್ಪಣಾ ಸಮಾಧಿಯಲ್ಲಿ (ಝಾನದ ಪೂರ್ಣ ತನ್ಮಯತೆಯಲ್ಲಿ) ಕಿವಿಯ ವಿಜ್ಞಾನ, ಅಂದರೆ ಕೇಳುವ ಅರಿವು, ಹುಟ್ಟುವುದೇ ಇಲ್ಲವಾದ್ದರಿಂದ ಸದ್ದು ಕೇಳಿಸಿದರೆ ಅದು ಹೆಚ್ಚೆಂದರೆ ಉಪಚಾರ ಸಮಾಧಿ (ಝಾನದ ಹೊಸ್ತಿಲಿನ ಏಕಾಗ್ರತೆ) ಎನ್ನುತ್ತಾರೆ. ಸುತ್ತಗಳನ್ನಷ್ಟೇ (ಬುದ್ಧನ ಉಪದೇಶಗಳನ್ನಷ್ಟೇ) ಆಧಾರವಾಗಿ ಹಿಡಿಯುವ ಕೆಲವರು ಇದಕ್ಕಿಂತ ಹಗುರವಾದ ತನ್ಮಯತೆಯನ್ನೂ ಝಾನವೆಂದು ಒಪ್ಪುತ್ತಾರೆ. ಮೊದಲನೆಯ ಝಾನಕ್ಕೆ ಶಬ್ದವೇ ಮುಳ್ಳು ಎಂದು ಅಂಗುತ್ತರ ನಿಕಾಯವೆಂಬ ಸುತ್ತಸಂಗ್ರಹದಲ್ಲಿ ಬರುವ ಮಾತನ್ನು ಎರಡೂ ಪಕ್ಷದವರು ತಮ್ಮ ಕಡೆಗೆ ಎಳೆದುಕೊಳ್ಳುವುದುಂಟು. ನನ್ನ ಒಲವು ಮೊದಲನೆಯ ಪಕ್ಷದ ಕಡೆಗೆ. ಮಾನದಂಡ ಸಡಿಲವಾದಷ್ಟೂ ಅಭ್ಯಾಸಿ ಬೇಗ ತೃಪ್ತನಾಗಿಬಿಡುತ್ತಾನೆ.

ಆದರೂ ನಾನು ಮೊದಲು ಕೇಳುವುದು ಸದ್ದನ್ನಾಗಲಿ ಬೆಳಕನ್ನಾಗಲಿ ಕುರಿತ ಪ್ರಶ್ನೆಯನ್ನಲ್ಲ. ಕಾಮಚ್ಛಂದ (ಇಂದ್ರಿಯಸುಖದ ಬಯಕೆ), ದ್ವೇಷ, ಜಡತೆ, ಚಂಚಲತೆ ಹಾಗೂ ಪಶ್ಚಾತ್ತಾಪ, ಸಂದೇಹ ಎಂಬ ಐದು ನೀವರಣಗಳು (ಚಿತ್ತದ ಅಡ್ಡಿಗಳು) ಆ ಹೊತ್ತಿನಲ್ಲಿ ಪೂರ್ತಿಯಾಗಿ ಅಡಗಿದ್ದವೇ? ‘ಇದು ಝಾನವೇ ಇರಬಹುದೇ’ ಎಂಬ ಯೋಚನೆ ಕುಳಿತಿದ್ದಾಗಲೇ ಬಂದಿದ್ದರೆ ಐದನೆಯದಾದ ಸಂದೇಹ ಇನ್ನೂ ಅಲ್ಲೇ ಇತ್ತು ಎಂದರ್ಥ. ವಿತರ್ಕ (ಚಿತ್ತವನ್ನು ವಿಷಯಕ್ಕೆ ಹಚ್ಚುವುದು), ವಿಚಾರ (ಅಲ್ಲೇ ತೊಡಗಿಸಿಡುವುದು), ಪೀತಿ, ಸುಖ, ಏಕಾಗ್ರತೆ ಎಂಬ ಝಾನದ ಅಂಗಗಳನ್ನು ಒಂದೊಂದಾಗಿ ಪರಿಶೀಲಿಸುವುದು ಎದ್ದ ಮೇಲಿನ ಕೆಲಸ.

ಎರಡನೆಯ ಝಾನದ ಮಾತು ಸದ್ಯಕ್ಕೆ ಬೇಡ. ಗುಡ್ಡದಲ್ಲಿ ಮೇಯುವ ಅನುಭವವಿಲ್ಲದ ಹಸುವೊಂದು ಮುಂಗಾಲನ್ನು ಭದ್ರವಾಗಿ ಊರದೆಯೇ ಹಿಂಗಾಲನ್ನೆತ್ತಿ ಹೊಸ ಹುಲ್ಲಿನ ಕಡೆಗೆ ಹೊರಟರೆ, ಅಲ್ಲಿಗೂ ತಲುಪದು, ಮೊದಲಿದ್ದ ಜಾಗಕ್ಕೂ ಕ್ಷೇಮವಾಗಿ ಮರಳದು ಎಂದು ಬುದ್ಧನೇ ಎಚ್ಚರಿಸಿದ್ದಾನೆ. ಬೇಕೆಂದಾಗ ಮೊದಲನೆಯ ಝಾನದತ್ತ ಚಿತ್ತವನ್ನು ತಿರುಗಿಸುವುದು, ಪ್ರವೇಶಿಸುವುದು, ನಿಶ್ಚಯಿಸಿದಷ್ಟು ಹೊತ್ತು ಇರುವುದು, ನಿಶ್ಚಯಿಸಿದಾಗ ಹೊರಬರುವುದು, ಅಂಗಗಳನ್ನು ಪರಿಶೀಲಿಸುವುದು, ಈ ಐದರಲ್ಲೂ ವಶಿತ್ವ (ಪೂರ್ಣ ಹಿಡಿತ) ಬಂದ ಮೇಲೆ ವಿತರ್ಕ ಮತ್ತು ವಿಚಾರಗಳು ಒರಟಾಗಿ ಕಾಣತೊಡಗುತ್ತವೆ. ಮುಂದಿನ ದಾರಿ ಅಲ್ಲಿಂದ ತೆರೆದುಕೊಳ್ಳುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಬೋಧಿಗೆ ಮುಂಚಿನ ತನ್ನ ಗುರುಗಳಾದ ಆಳಾರ ಕಾಲಾಮ ಮತ್ತು ಉದ್ದಕ ರಾಮಪುತ್ತರಿಂದ ಕಲಿತ ಸಮಾಧಿಗಳನ್ನು ಬುದ್ಧನೇ ಸಾಲದೆಂದು ಬಿಟ್ಟುಹೋದನಲ್ಲವೇ? ಹಾಗಿದ್ದರೆ ನೇರವಾಗಿ ವಿಪಸ್ಸನವನ್ನೇ (ಒಳನೋಟದ ಧ್ಯಾನವನ್ನೇ) ಮಾಡಬಾರದೇಕೆ?

ಉತ್ತರ: ಬಿಟ್ಟದ್ದು ನಿಜ. ಆಳಾರರ ಬಳಿ ಆಕಿಂಚಞ್ಞಾಯತನವನ್ನೂ (‘ಏನೂ ಇಲ್ಲ’ ಎಂಬುದರಲ್ಲಿ ನೆಲೆಸುವ ಸಮಾಧಿ) ಉದ್ದಕರ ಬಳಿ ನೇವಸಞ್ಞಾನಾಸಞ್ಞಾಯತನವನ್ನೂ (ಸಂಜ್ಞೆ ಇದೆ ಎನ್ನಲೂ ಇಲ್ಲ ಎನ್ನಲೂ ಆಗದ ಸಮಾಧಿ) ಸಾಧಿಸಿ, ಇವು ನಿಬ್ಬಾಣಕ್ಕೆ (ನಿರ್ವಾಣಕ್ಕೆ) ಒಯ್ಯುವುದಿಲ್ಲವೆಂದು ಅವನು ಹೊರಟುಬಂದ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕಠೋರ ತಪಸ್ಸಿನಿಂದ ದೇಹ ಸೊರಗಿದ ಮೇಲೆ ಅವನಿಗೆ ನೆನಪಾದದ್ದು, ತಂದೆ ಕೆಲಸದಲ್ಲಿ ತೊಡಗಿದ್ದಾಗ ನೇರಳೆ ಮರದ ನೆರಳಿನಲ್ಲಿ ಕುಳಿತು ತಾನು ಹೊಕ್ಕಿದ್ದ ಮೊದಲನೆಯ ಝಾನ. ಬೋಧಿಯ ದಾರಿ ಇದೇ ಎಂಬ ಅರಿವು ಆಗ ಮೂಡಿತೆಂದು ಮಹಾಸಚ್ಚಕ ಸುತ್ತ ಹೇಳುತ್ತದೆ. ಸಮಾಧಿಯನ್ನೇ ಕೊನೆಯ ಗುರಿಯೆಂದು ಭಾವಿಸುವುದನ್ನು ಅವನು ತೊರೆದನೇ ಹೊರತು ಸಮಾಧಿಯನ್ನಲ್ಲ. ಅಷ್ಟಾಂಗ ಮಾರ್ಗದ ಸಮ್ಯಕ್ ಸಮಾಧಿಯನ್ನು ವಿವರಿಸುವಾಗಲೂ ಅವನು ಹೇಳುವುದು ನಾಲ್ಕು ಝಾನಗಳನ್ನೇ.

ಇಷ್ಟಿದ್ದರೂ ನೇರ ವಿಪಸ್ಸನಕ್ಕೆ ಪರಂಪರೆಯ ಒಪ್ಪಿಗೆಯಿದೆ. ಝಾನವಿಲ್ಲದೆ ಮುನ್ನಡೆಯುವವರನ್ನು ಅಟ್ಠಕಥೆಗಳು ಸುಕ್ಖವಿಪಸ್ಸಕರೆಂದು (ಶುಷ್ಕ ಒಳನೋಟದವರೆಂದು) ಕರೆಯುತ್ತವೆ. ಬರ್ಮಾದ ಭಿಕ್ಷು ಮಹಾಸಿ ಸಯಾಡೊ ಅವರು ಕ್ಷಣಿಕ ಸಮಾಧಿಯನ್ನು (ಕ್ಷಣಕ್ಷಣಕ್ಕೂ ಮೂಡುವ ಏಕಾಗ್ರತೆಯನ್ನು) ಆಧಾರವಾಗಿಟ್ಟುಕೊಂಡು ಇದೇ ಕ್ರಮವನ್ನು ಬೋಧಿಸಿದರು. ಸಹಜವಾಗಿ ಚಿತ್ತ ನೆಲೆಗೊಳ್ಳುವವರು ಸಮಥವನ್ನು (ಚಿತ್ತವನ್ನು ಶಾಂತಗೊಳಿಸುವ ಧ್ಯಾನವನ್ನು) ಅರ್ಧಕ್ಕೆ ಬಿಟ್ಟು ಆ ಕಡೆಗೆ ಹೊರಳುವುದು ಮಾತ್ರ ನನಗೆ ನಷ್ಟವೆಂದೇ ತೋರುತ್ತದೆ.

ಮೊದಲ ಪ್ರಶ್ನೆ ಕೇಳಿದವರಿಂದ: ವಿವರಗಳಿಗೆ ಋಣಿ, ಗುರುಗಳೇ. ಮುಂದೆ ಝಾನ ಲಭಿಸಿದರೆ ಈ ಗುಂಪಿನಲ್ಲಿ ಬರೆದು ತಮ್ಮಿಂದ ದೃಢಪಡಿಸಿಕೊಳ್ಳಬಹುದೇ?

ಉತ್ತರ: ಗುಂಪಿನಲ್ಲಿ ಬೇಡ. ಇಲ್ಲದ ಸಿದ್ಧಿಯನ್ನು ಇದೆಯೆಂದು ಸುಳ್ಳು ಹೇಳಿದ ಭಿಕ್ಷು ಸಂಘದಿಂದಲೇ ಹೊರಗಾಗುತ್ತಾನೆ. ನಿಜವಾಗಿ ಇದ್ದರೂ ಉಪಸಂಪದೆ (ಭಿಕ್ಷುದೀಕ್ಷೆ) ಪಡೆಯದವರ ಮುಂದೆ ಹೇಳಿಕೊಳ್ಳುವುದು ವಿನಯದ (ಸಂಘದ ನಿಯಮಗಳ) ಪ್ರಕಾರ ದೋಷವೇ. ಗೃಹಸ್ಥರಿಗೆ ಈ ನಿಯಮಗಳು ಅನ್ವಯಿಸವು, ಆದರೆ ಪಾಲಿಸಿದರೆ ಒಳ್ಳೆಯದು. ಬರಹವನ್ನಷ್ಟೇ ಓದಿ ಯಾವ ಶಿಕ್ಷಕರೂ ದೃಢಪಡಿಸಲಾರರು. ನಿಮ್ಮನ್ನು ನಿಯಮಿತವಾಗಿ ನೋಡುವ ಒಬ್ಬರೊಡನೆ ಎದುರಾ ಎದುರು ಕುಳಿತು ಮಾತನಾಡಿ. ಈ ನಡುವೆ ನಿದ್ದೆ ಕೆಡುವುದು, ಕಾರಣವಿಲ್ಲದ ಭಯ, ಸುತ್ತಲಿನದೆಲ್ಲ ಅವಾಸ್ತವವೆನಿಸುವುದು ಕಂಡುಬಂದರೆ ಕೂರುವ ಅವಧಿಯನ್ನು ಕೂಡಲೇ ಇಳಿಸಿ ಅವರಿಗೆ ತಿಳಿಸಿ; ಅದು ಮುಂದುವರಿದರೆ, ಅಥವಾ ಹಿಂದೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದರೆ, ವೈದ್ಯರನ್ನು ಕಾಣಲು ತಡಮಾಡಬೇಡಿ.