ಅಕ್ಕಾ, ಅದು ಗ್ರೇವ್‌ಯಾರ್ಡ್ ಅಲ್ಲ

ಅಕ್ಕಾ, ಮೊದಲು ಪುಟ್ಟನ್ನ ಬೈಯೋದು ನಿಲ್ಸು. ಬೆಳಗ್ಗೆಯಿಂದ ಗ್ರೂಪಲ್ಲಿ ಎಲ್ಲರೂ ಸೇರಿ ಆ ಹುಡುಗನ್ನ ಹುರಿದು ಮುಕ್ತಾ ಇದೀರ. "ತಾತನ ಹುಟ್ಟಿದಹಬ್ಬಕ್ಕೆ ಗ್ರೇವ್‌ಯಾರ್ಡ್ ಅಂತಾನಲ್ಲ" ಅಂತ ನೀನು ಹಾಕಿದ್ದು ನೋಡಿ ನನಗೆ ನಗು ತಡೆಯೋಕಾಗ್ಲಿಲ್ಲ. ಅವನು ಭಾವನಿಗೆ ಬರೆದಿರೋದು 'ಹ್ಯಾಪಿ ಬರ್ತ್‌ಡೇ ಟು ಅವರ್ ಗ್ರೊನ್ಯಾರ್ಡ್' ಅಂತ. ಸ್ಮಶಾನಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಟೈಪ್ ಮಾಡಿದ್ರೆ ಉದ್ದ ಆಗುತ್ತೆ, ಬಾಯಲ್ಲೇ ಹೇಳ್ಬಿಡ್ತೀನಿ.

ಅದು ಫ್ರೆಂಚಿಂದ ಇಂಗ್ಲಿಷಿಗೆ ಬಂದಿದ್ದು. ಬರೆಯೋದು grognard ಅಂತ, ನಡುವಿನ ಜಿ ಬಿಡಿಯಾಗಿ ಕೇಳ್ಸಲ್ಲ. ಗೊಣಗಪ್ಪ ಅಂತ ಅರ್ಥ. ತಡಿ, ತಡಿ, ಪೂರ್ತಿ ಕೇಳು. ಊರಲ್ಲಿರೋ ಗೊಣಗಪ್ಪಂದಿರಿಗೆಲ್ಲ ಆ ಹೆಸರು ಬರಲ್ಲ. ನೆಪೋಲಿಯನ್ ಹತ್ರ ಇಂಪೀರಿಯಲ್ ಗಾರ್ಡ್ ಅಂತ ಒಂದು ಪಡೆ ಇತ್ತು, 1804ರಲ್ಲಿ ಅವನು ಚಕ್ರವರ್ತಿ ಆದಾಗ ಆ ಹೆಸರು ಬಂತು. ಅದರೊಳಗೆ ಹಳಬರ ಗುಂಪೇ ಓಲ್ಡ್ ಗಾರ್ಡ್. ವರ್ಷಗಟ್ಟಲೆ ಸೇವೆ ಮಾಡಿ, ಯುದ್ಧ ಕಂಡು ಬಂದವರಿಗೆ ಮಾತ್ರ ಅಲ್ಲಿ ಜಾಗ. ಕರಡಿ ಚರ್ಮದ ಎತ್ತರದ ಟೋಪಿ, ಬೇರೆ ಸಿಪಾಯಿಗಳಿಗಿಂತ ಜಾಸ್ತಿ ಸಂಬಳ. ಈ ಮುದುಕರು ಊಟ ಸರಿಯಿಲ್ಲ, ದಾರಿ ಸರಿಯಿಲ್ಲ, ಕೆಸರು, ಚಳಿ ಅಂತ ಚಕ್ರವರ್ತಿಗೇ ಕೇಳಿಸೋ ಹಾಗೆ ಗೊಣಗ್ತಿದ್ರಂತೆ. ಬೇರೆಯವರು ಹಾಗಂದಿದ್ರೆ ಏನಾಗ್ತಿತ್ತೋ! ಇವರಿಗೆ ನಡೀತಿತ್ತು. ಅದಕ್ಕೇ ಇವರಿಗೆ ಗ್ರೊನ್ಯಾರ್ಡ್ ಅಂತ ಹೆಸರು ಬಿತ್ತು.

1812ರಲ್ಲಿ ರಷ್ಯಾದ ಬೊರೊಡಿನೋ ಯುದ್ಧದಲ್ಲಿ ನೆಪೋಲಿಯನ್ ಗಾರ್ಡನ್ನ ಕದನಕ್ಕೆ ಇಳಿಸದೆ ಹಿಂದೆ ಉಳಿಸ್ಕೊಂಡ. ಮಿಕ್ಕ ಸಿಪಾಯಿಗಳು "ಇವರು ಅಮರರಪ್ಪ" ಅಂತ ಇವರನ್ನ ಆಡ್ಕೊಳ್ತಿದ್ರು. ಆದ್ರೆ ನಂಗೆ ಹಿಡಿಸೋದು 1814ರ ಸಂಗತಿ. ನೆಪೋಲಿಯನ್ ಸೋತು ಎಲ್ಬಾ ದ್ವೀಪಕ್ಕೆ ಹೊರಟಾಗ ಒಪ್ಪಂದದ ಪ್ರಕಾರ 400 ಸೈನಿಕರನ್ನ ಮಾತ್ರ ಕರ್ಕೊಂಡು ಹೋಗಬಹುದಿತ್ತು. ಅದಕ್ಕಿಂತ ಜಾಸ್ತಿ ಜನ ಹೊರಟ್ರು. ಸಾಮ್ರಾಜ್ಯ ಹೋಗಿತ್ತು, ಆದ್ರೂ ಹೋದ್ರು ನೋಡು. ಮುಂದಿನ ವರ್ಷ ಅವನು ವಾಪಸ್ ಬಂದು ಕೊನೇ ಸಲ ಸೋತ ವಾಟರ್ಲೂ ಯುದ್ಧದಲ್ಲೂ ಇದ್ರು. (ಅಲ್ಲಿ ಗೆದ್ದ ವೆಲ್ಲಿಂಗ್ಟನ್ ಯಾರು ಗೊತ್ತಲ್ಲ? 1799ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಅದೇ ವೆಲ್ಲೆಸ್ಲಿ.) ಆಮೇಲೆ ರಾಫೆ ಅನ್ನೋ ಚಿತ್ರಕಾರ ಈ ಸಿಪಾಯಿಗಳ ಚಿತ್ರ ಮಾಡಿ ಕೆಳಗೆ ಬರೆದ: ಗೊಣಗ್ತಿದ್ರು, ಆದ್ರೂ ಯಾವಾಗ್ಲೂ ಅವನ ಹಿಂದೇನೇ ಹೋಗ್ತಿದ್ರು. ಆ ಪದದಲ್ಲಿರೋದು ಅಷ್ಟೇ ಅಕ್ಕಾ. ಬರೀ ಗೊಣಗಿ ಮನೇಲಿ ಕೂತೋನಿಗೆ ಅದು ಸಲ್ಲಲ್ಲ.

ಈಗ ಭಾವನ್ನ ನೋಡು. ಮಿಲಿಟರಿ ಕ್ಯಾಂಟೀನ್ ಕ್ಯೂ ಉದ್ದ ಅಂತಾರೆ, ಪೆನ್ಶನ್ನಿನ ಲೈಫ್ ಸರ್ಟಿಫಿಕೇಟ್ ಅಂದ್ರೆ ಉರಿದು ಬೀಳ್ತಾರೆ, ನಿನ್ನ ಕಾಫಿಗೂ ಒಂದು ಮಾತು. ಆದ್ರೆ ರೆಜಿಮೆಂಟಿನ ಹಳೇ ಸ್ನೇಹಿತರಿಗೆ ಏನಾದ್ರೂ ಆದ್ರೆ ಮಂಡಿ ನೋವು ಮರೆತು ರಾತ್ರಿ ಬಸ್ ಹತ್ತೋರು ಯಾರು? ಹುಡುಗ ಸರಿಯಾಗೇ ಬರೆದಿದಾನೆ.

ಅವನಿಗೆ ಈ ಪದ ಸಿಕ್ಕಿದ್ದು ಇತಿಹಾಸದ ಪುಸ್ತಕದಿಂದ ಇರಲಾರದು ಬಿಡು. 1970ರ ದಶಕದಲ್ಲಿ ಅಮೆರಿಕದಲ್ಲಿ ಮೇಜಿನ ಮೇಲೆ ನಕ್ಷೆ ಹರಡಿ ಹಳೇ ಯುದ್ಧಗಳನ್ನ ಆಡೋರು ತಮ್ಮಲ್ಲಿನ ಹಳೇ ಹುಲಿಗಳಿಗೆ ಇದೇ ಹೆಸರು ಇಟ್ಕೊಂಡ್ರು. ಕಂಪ್ಯೂಟರ್ ಗೇಮ್ ಆಡೋರಿಗೂ ಅಲ್ಲಿಂದ ಬಂತು. "ನಮ್ಮ ಕಾಲದ ಆಟಾನೇ ಆಟ" ಅಂತ ಹೊಸ ಆಟಕ್ಕೆಲ್ಲ ಮೂಗು ಮುರಿಯೋರಿಗೆ ಈಗ ಹಾಗಂತಾರೆ.

ಒಂದು ಮಾತ್ರ ನೆನಪಿರ್ಲಿ. ಮಾಜಿ ಸೈನಿಕರ ಸಂಘದವರು ಸನ್ಮಾನದ ಬ್ಯಾನರ್ ಮಾಡಿಸ್ತಿದಾರಂತಲ್ಲ, ಅದರಲ್ಲಿ ಈ ಪದ ತೂರಿಸ್ಬೇಡಿ. ಅಲ್ಲಿ ವೆಟರನ್ ಅಂತಿರ್ಲಿ, ಕನ್ನಡದಲ್ಲಿ ಮಾಜಿ ಸೈನಿಕರು ಅಂತ. ಇದು ಸಲಿಗೆಯ ಮಾತು. ಮೊಮ್ಮಗ ಅಂದ್ರೆ ಚೆಂದ, ಮೈಕಲ್ಲಿ ನಿಂತು ತಹಶೀಲ್ದಾರರು ಅಂದ್ರೆ ಭಾವ ಎದ್ದು ಹೊರಟುಬಿಡ್ತಾರೆ.

ಭಾವ, ನೀವೂ ಕೇಳ್ತಿದ್ರೆ, ಬರೀ ಹೆಬ್ಬೆಟ್ಟು ಒತ್ತಿ ಸುಮ್ಮನಿರ್ಬೇಡಿ. ಹುಡುಗ ಹೆದರಿ ಮೆಸೇಜ್ ಡಿಲೀಟ್ ಮಾಡಿದಾನೆ. ಒಂದು ಫೋನ್ ಮಾಡಿ ಅವನಿಗೆ, ಇವತ್ತು ರಜ, ರೂಮಲ್ಲೇ ಇರ್ತಾನೆ.