ಸಹಾಯ ಬೇಕು: ವೈಫೈ ಟ್ಯಾಬ್ ಸಾಕಾ, ಸಿಮ್ ಇರೋದೇ ಬೇಕಾ?

ಎಲ್ಲರಿಗೂ ನಮಸ್ಕಾರ. ನಮ್ಮನೆ ಹೊಸನಗರದ ಹತ್ತಿರ, ತೋಟದ ಪಕ್ಕ. ಅಪ್ಪಯ್ಯನಿಗೆ ಓದೋಕೆ ಒಂದು ಟ್ಯಾಬ್ ಕೊಡಿಸಬೇಕು. ಈಗ ಪೇಪರಿನ ಸಣ್ಣ ಅಕ್ಷರ ಕಾಣಲ್ಲ, ಭೂತಗನ್ನಡಿ ಹಿಡಿದು ಅಡಿಕೆ ಧಾರಣೆ ಅಷ್ಟೇ ನೋಡಿ ಮಡಚಿಡ್ತಾರೆ. ನೋಡಿದ್ರೆ ಸಂಕಟ ಆಗುತ್ತೆ.

2025ರಲ್ಲಿ ಬಂದ ಎ16 ಐಪ್ಯಾಡ್ ವೈಫೈನದ್ದು ಬಿಡುಗಡೆಯ ಬೆಲೆ 34,900, ಸೆಲ್ಯುಲಾರ್, ಅಂದ್ರೆ ಸಿಮ್ ಇರೋದು 49,900. ಅದೊಂದಕ್ಕೇ 15,000 ಜಾಸ್ತಿ, ಮೇಲೆ ರೀಚಾರ್ಜ್ ಬೇರೆ. ವೈಫೈನದ್ದರಲ್ಲಿ ಜಿಪಿಎಸ್ ಇಲ್ಲ, ಅಪ್ಪಯ್ಯನಿಗೆ ಅದು ಬೇಡ ಬಿಡಿ. ಬರೀ ಪುಸ್ತಕ ಓದೋಕೆ ಅಂತ್ಲೇ ಇರೋ ಕಿಂಡಲ್ ಪೇಪರ್‌ವೈಟ್ ಕೂಡ ನೋಡಿದೆ. ಚಾರ್ಜ್ ವಾರಗಟ್ಟಲೆ ಬರುತ್ತೆ, ಪುಸ್ತಕ ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ, ಆದ್ರೆ ವಿಡಿಯೋ ನೋಡೋಕಾಗಲ್ಲ.

ಕಷ್ಟ ಇರೋದು ಮಳೆಗಾಲದಲ್ಲಿ. ಕರೆಂಟ್ ಹೋದ್ರೆ ಎರಡು ದಿನ ಬರಲ್ಲ, ರೂಟರ್ ಆಫ್. ಮೊಬೈಲ್ ಸಿಗ್ನಲ್ ಸಿಗೋದು ದಣಪೆ (ಬೇಲಿ ಗೇಟು) ಹತ್ತಿರ ಮಾತ್ರ. ನನ್ನ ಫೋನಿನ ಹಾಟ್‌ಸ್ಪಾಟ್ ಕೊಡಬಹುದು, ಆದ್ರೆ ನಾನು ವಾರಪೂರ್ತಿ ಶಿವಮೊಗ್ಗದಲ್ಲಿ ಇರ್ತೀನಿ.

ತೀರ್ಥಹಳ್ಳಿ, ಸಾಗರದ ಕಡೆ ಸಿಮ್ ಟ್ಯಾಬ್ ಬಳಸೋರು ಯಾರಾದ್ರೂ ಇದ್ದೀರಾ? ಫೋನಿಗೆ ಸಿಗ್ನಲ್ ಸಿಗದ ಒಳಮನೆಯಲ್ಲಿ ಅದಕ್ಕೆ ಸಿಗುತ್ತಾ? ಇಲ್ಲಾಂದ್ರೆ ವೈಫೈ ಟ್ಯಾಬ್ ತಗೊಂಡು, ಉಳಿದ ದುಡ್ಡಲ್ಲಿ ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿಸೋದೇ ವಾಸಿನಾ? ಬಳಸಿದವರು ದಯವಿಟ್ಟು ತಿಳಿಸಿ, ಮಳೆ ಹಿಡಿಯೋದ್ರೊಳಗೆ ತಗೋಬೇಕು.